ಹಕ್ಕಿ ಫೋಟೊಗೆ ಮೊದಲ ಟೆಲಿ ಲೆನ್ಸ್: ಮಿಲಿಮೀಟರ್‌ಗಿಂತ ಮೊದಲು ಮೀಟರ್ ಅಳೆಯಿರಿ

ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸಿನಲ್ಲಿ ತೆಗೆದ ಮೊದಲ ಹಕ್ಕಿ ಫೋಟೊ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ದೊಡ್ಡ ಮರ, ಅಗಲವಾದ ಆಕಾಶ, ನಡುವೆಲ್ಲೋ ಒಂದು ಚುಕ್ಕೆ. "ಇದು ಮಿಂಚುಳ್ಳಿ" ಎಂದು ತೋರಿಸಿದರೆ ನೋಡಿದವರು ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ "ಎಲ್ಲಿ?" ಅನ್ನುತ್ತಾರೆ. ಅವತ್ತು ರಾತ್ರಿಯಿಂದಲೇ ಲೆನ್ಸ್ ಹುಡುಕಾಟ ಶುರುವಾಗುತ್ತದೆ. ಓದುತ್ತ ಹೋದಷ್ಟೂ 300 ಸಾಲದು, 400 ಸಾಲದು, 600 ಬೇಕೇ ಬೇಕು ಅನ್ನಿಸತೊಡಗುತ್ತದೆ.

ನಾನು ಹೇಳುವುದು ಇದಕ್ಕೆ ತುಸು ಉಲ್ಟಾ. ಎಷ್ಟು ಮಿಲಿಮೀಟರ್ (ಅಂದರೆ ಲೆನ್ಸಿನ ಫೋಕಲ್ ಲೆಂತ್, ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಬೇಕು ಎಂಬುದು ಎರಡನೆಯ ಪ್ರಶ್ನೆ. ನೀವು ಹಕ್ಕಿಯಿಂದ ಎಷ್ಟು ಮೀಟರ್ ದೂರದಲ್ಲಿ ನಿಲ್ಲುತ್ತೀರಿ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕರೆ ಎಷ್ಟೋ ಜನ ತಾವು ಅಂದುಕೊಂಡದ್ದಕ್ಕಿಂತ ಚಿಕ್ಕ, ಹಗುರ, ಅಗ್ಗದ ಲೆನ್ಸಿನಲ್ಲೇ ನೆಮ್ಮದಿಯಾಗಿರಬಹುದು. ಉಳಿದ ಕೆಲವರಿಗೆ ಉದ್ದದ ಲೆನ್ಸೇ ಬೇಕು, ಅದೂ ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಹಳೆಯ ಫೋಟೊ ತೆರೆಯಿರಿ

ಲೆನ್ಸ್ ಅಂಗಡಿಗಿಂತ ಮೊದಲು ನಿಮ್ಮದೇ ಮೆಮೊರಿ ಕಾರ್ಡಿಗೆ ಹೋಗಿ. ಈವರೆಗೆ ತೆಗೆದ ಹಕ್ಕಿ ಫೋಟೊಗಳಲ್ಲಿ ಇಪ್ಪತ್ತನ್ನು ಆರಿಸಿ. ಚೆನ್ನಾಗಿ ಬಂದವೇ ಆಗಬೇಕಿಲ್ಲ, ಹಾಳಾದವೇ ಹೆಚ್ಚು ಪಾಠ ಹೇಳುತ್ತವೆ. ಫೋಟೊ ಮಾಹಿತಿಯಲ್ಲಿ ಫೋಕಲ್ ಲೆಂತ್ ಎಷ್ಟೆಂದು ನೋಡಿ, ಹಕ್ಕಿ ಎಷ್ಟು ಪಿಕ್ಸೆಲ್ ಉದ್ದ ಇದೆಯೆಂದು ಅಳೆಯಿರಿ. ಯಾವುದೇ ಎಡಿಟಿಂಗ್ ಆ್ಯಪ್‌ನಲ್ಲಿ ಹಕ್ಕಿಯಷ್ಟನ್ನೇ ಕ್ರಾಪ್ ಮಾಡಿದರೆ ಈ ಸಂಖ್ಯೆ ಸಿಗುತ್ತದೆ.

24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ (ಆರಂಭಿಕ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಚಿಕ್ಕ ಗಾತ್ರದ್ದು) ಸುಮಾರು 23.5 ಮಿ.ಮೀ. ಅಗಲ ಇರುತ್ತದೆ, ಅದರಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್. ಅಂದರೆ ಪ್ರತಿ ಮಿಲಿಮೀಟರ್‌ಗೆ ಸುಮಾರು 255 ಪಿಕ್ಸೆಲ್. ಗುಬ್ಬಚ್ಚಿಯ ಉದ್ದ ಹತ್ತಿರಹತ್ತಿರ 15 ಸೆಂ.ಮೀ. 55 ಮಿ.ಮೀ.ನಲ್ಲಿ ತೆಗೆದ ಫೋಟೊದಲ್ಲಿ ಗುಬ್ಬಚ್ಚಿ 200 ಪಿಕ್ಸೆಲ್ ಬಂದಿದ್ದರೆ ಸೆನ್ಸರ್ ಮೇಲೆ ಅದು 0.8 ಮಿ.ಮೀ.ಗಿಂತ ಒಂಚೂರು ಕಡಿಮೆ. ದೂರ ತಿಳಿಯಲು 55ನ್ನು 150ರಿಂದ ಗುಣಿಸಿ, ಬಂದದ್ದನ್ನು ಆ 0.8ರಿಂದ ಭಾಗಿಸಿ. ಉತ್ತರ ಮಿಲಿಮೀಟರ್‌ನಲ್ಲಿ ಸುಮಾರು 10,300. ಅಂದರೆ ಹತ್ತು ಮೀಟರ್ ಚಿಲ್ಲರೆ. ಅಷ್ಟು ದೂರದಲ್ಲಿ ನೀವು ನಿಂತಿದ್ದಿರಿ.

ಲೆಕ್ಕ ಬೇಸರವೆನಿಸಿದರೆ ಹೆಜ್ಜೆ ಎಣಿಸಿ. ಹಕ್ಕಿ ಹಾರಿಹೋದ ಮೇಲೆ ನೀವು ನಿಂತ ಜಾಗದಿಂದ ಆ ಕೊಂಬೆಯ ಬುಡದವರೆಗೆ ನಡೆದರಾಯಿತು. ಸಾಧಾರಣ ನಡಿಗೆಯಲ್ಲಿ ಹದಿಮೂರು ಹದಿನಾಲ್ಕು ಹೆಜ್ಜೆ ಸುಮಾರು ಹತ್ತು ಮೀಟರ್. ಒಂದು ವಾರ ಹೀಗೆ ಮಾಡಿ ಬರೆದಿಟ್ಟುಕೊಳ್ಳಿ. ಮನೆಯ ಹಿಂದಿನ ಗಿಡಗಳಲ್ಲಿ ಓಡಾಡುವ ಹಕ್ಕಿಗಳು ಆರೇಳು ಮೀಟರ್‌ನಲ್ಲೇ ಸಿಗುತ್ತಿರಬಹುದು, ಕೆರೆಯ ಬಾತುಗಳು ಐವತ್ತು ಮೀಟರ್ ಆಚೆ ಇರಬಹುದು. ಇವೆರಡಕ್ಕೂ ಬೇಕಾದ ಲೆನ್ಸ್ ಒಂದೇ ಅಲ್ಲ.

ಎರಡನೆಯದು: ಒಂದು ಗುಣಾಕಾರ, ಒಂದು ಭಾಗಾಕಾರ

ಸೆನ್ಸರ್ ಮೇಲೆ ಬೀಳುವ ಹಕ್ಕಿಯ ಗಾತ್ರ = ಫೋಕಲ್ ಲೆಂತ್ × ಹಕ್ಕಿಯ ನಿಜ ಗಾತ್ರ ÷ ದೂರ. ಇಡೀ ಲೆನ್ಸ್ ಪುರಾಣದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸೂತ್ರ ಇದೊಂದೇ.

ಅದೇ ಗುಬ್ಬಚ್ಚಿ, ಅದೇ ಹತ್ತು ಮೀಟರ್, ಅದೇ 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಬಾಡಿ. 250 ಮಿ.ಮೀ. ಲೆನ್ಸಿನಲ್ಲಿ ಹಕ್ಕಿ ಸುಮಾರು 950 ಪಿಕ್ಸೆಲ್ ಉದ್ದ ಬರುತ್ತದೆ. 300ರಲ್ಲಿ 1150, 400ರಲ್ಲಿ 1530, 600ರಲ್ಲಿ 2300. ಈಗ 300 ಲೆನ್ಸನ್ನೇ ಹಿಡಿದು ಹತ್ತು ಮೀಟರ್ ಬದಲು ಐದು ಮೀಟರ್‌ಗೆ ಬನ್ನಿ. ಹಕ್ಕಿ ಅದೇ 2300 ಪಿಕ್ಸೆಲ್! ಏಳೇ ಹೆಜ್ಜೆ ನಿಮಗೆ ಎರಡು ಕಿಲೊ ತೂಕದ ಲೆನ್ಸನ್ನು ಉಳಿಸಿಕೊಟ್ಟಿತು. ಆ ಏಳು ಹೆಜ್ಜೆಯನ್ನು ಹಕ್ಕಿ ಬಿಟ್ಟುಕೊಡುತ್ತದೆಯೋ ಇಲ್ಲವೋ ಎಂಬುದು ಬೇರೆ ಮಾತು. ಮರೆಯಲ್ಲಿ ಕೂತು ಅದೇ ಹತ್ತಿರ ಬರಲೆಂದು ಕಾದರೆ ಬಹಳ ಸಲ ಬಿಟ್ಟುಕೊಡುತ್ತದೆ, ಬೆನ್ನಟ್ಟಿ ಹೋದರೆ ಇಲ್ಲ.

ಎಷ್ಟು ಪಿಕ್ಸೆಲ್ ಸಾಕು? ಫೋಟೊ ನೋಡುವುದು ಫೋನಿನಲ್ಲೋ ಕಂಪ್ಯೂಟರ್ ಪರದೆಯಲ್ಲೋ ಆದರೆ, ಹಕ್ಕಿ ಸಾವಿರ ಪಿಕ್ಸೆಲ್ ದಾಟಿದರೆ ಕಣ್ಣಿನ ಹೊಳಪು, ಗರಿಯ ಎಳೆ ಕಾಣಿಸುತ್ತವೆ. ಇದು ನನ್ನ ಅಂದಾಜಿನ ಅಳತೆ, ನಿಯಮವಲ್ಲ. ಗೋಡೆಗೆ ದೊಡ್ಡದಾಗಿ ಮುದ್ರಿಸಿ ಹಾಕುವ ಆಸೆಯಿದ್ದರೆ ಎರಡು ಸಾವಿರ ಬೇಕು ಅನ್ನಿ. ದೊಡ್ಡ ಹಕ್ಕಿಗಳ ಲೆಕ್ಕ ಇನ್ನೂ ಸುಲಭ: 90 ಸೆಂ.ಮೀ. ಎತ್ತರದ ಬಕಪಕ್ಷಿ ಮೂವತ್ತು ಮೀಟರ್ ದೂರ ನಿಂತಿದ್ದರೂ 300ರಲ್ಲಿ 9 ಮಿ.ಮೀ. ಬೀಳುತ್ತದೆ, ಹತ್ತು ಮೀಟರಿನ ಗುಬ್ಬಚ್ಚಿಯ ಎರಡರಷ್ಟು.

ಇಲ್ಲೇ ಕ್ರಾಪ್ ಫ್ಯಾಕ್ಟರ್ (36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರ್‌ಗಿಂತ ನಿಮ್ಮದು ಎಷ್ಟು ಪಟ್ಟು ಚಿಕ್ಕದು ಎಂಬ ಸಂಖ್ಯೆ) ಗೊಂದಲವನ್ನೂ ಮುಗಿಸಿಬಿಡೋಣ. ನಿಕಾನ್, ಸೋನಿ, ಫ್ಯೂಜಿ ಎಪಿಎಸ್-ಸಿಗಳಲ್ಲಿ 1.5, ಕ್ಯಾನನ್‌ನಲ್ಲಿ 1.6, ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 2. "300 ಲೆನ್ಸ್ 450 ಆಗಿಬಿಡುತ್ತದೆ" ಅನ್ನುವ ಮಾತು ಅರ್ಧಸತ್ಯ. ಲೆನ್ಸ್ 300 ಆಗಿಯೇ ಇರುತ್ತದೆ, ಸೆನ್ಸರ್ ಚಿಕ್ಕದಿರುವುದರಿಂದ ಸುತ್ತಲಿನ ದೃಶ್ಯ ಕತ್ತರಿಸಿಹೋಗಿ ಅಷ್ಟೇ ಕಾಣುತ್ತದೆ. ಹಕ್ಕಿಯವರಿಗೆ ನಿಜವಾದ ಲಾಭವಿರುವುದು ಪಿಕ್ಸೆಲ್‌ಗಳ ಒತ್ತೊತ್ತಿನಲ್ಲಿ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, ಮಿಲಿಮೀಟರ್‌ಗೆ 167 ಪಿಕ್ಸೆಲ್ ಮಾತ್ರ. ನಮ್ಮ ಗುಬ್ಬಚ್ಚಿ ಅದರಲ್ಲಿ 1150ರ ಬದಲು 750 ಪಿಕ್ಸೆಲ್. ಹಾಗಾಗಿ ಕೈಯಲ್ಲಿ ಎಪಿಎಸ್-ಸಿ ಕ್ಯಾಮೆರಾ ಇದ್ದು, ಹಕ್ಕಿಗಾಗಿಯೇ ಫುಲ್ ಫ್ರೇಮ್‌ಗೆ ಜಿಗಿಯಬೇಕೆಂದಿದ್ದರೆ ಸ್ವಲ್ಪ ತಡೆಯಿರಿ. ಆ ದುಡ್ಡು ಲೆನ್ಸಿಗೆ ಹೋಗಲಿ.

ಮೂರನೆಯದು: ಕ್ಯಾಮೆರಾ ಒಪ್ಪುತ್ತದೆಯೇ?

ಬಹಳ ಜನ ಎಡವುವುದು ಇಲ್ಲಿ. ಮೌಂಟ್ (ಲೆನ್ಸ್ ಬಾಡಿಗೆ ಕೂರುವ ಜಾಗ) ಸರಿಹೊಂದಿದರೆ ಆಟೋಫೋಕಸ್ ಕೂಡ ಕೆಲಸ ಮಾಡುತ್ತದೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ.

ನಿಕಾನ್‌ನ ಹಳೆಯ ಎಎಫ್ ಮತ್ತು ಎಎಫ್-ಡಿ ಲೆನ್ಸ್‌ಗಳೊಳಗೆ ಫೋಕಸ್ ಮೋಟರ್ ಇರುವುದಿಲ್ಲ, ಅವನ್ನು ಬಾಡಿಯ ಮೋಟರ್ ತಿರುಗಿಸಬೇಕು. ಡಿ3000, ಡಿ5000 ಸಾಲಿನ ಆರಂಭಿಕ ಬಾಡಿಗಳಲ್ಲಿ ಆ ಮೋಟರೇ ಇಲ್ಲ. ಎಫ್‌ಟಿಝಡ್ ಅಡಾಪ್ಟರ್ ಹಾಕಿ ಝಡ್ ಸಾಲಿನ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಕೂರಿಸಿದರೂ ಅಷ್ಟೇ, ಕೈಯಲ್ಲೇ ಫೋಕಸ್ ತಿರುಗಿಸಬೇಕು. ಅದಕ್ಕೇ ಆ ಲೆನ್ಸ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಷ್ಟು ಅಗ್ಗ. ಎಎಫ್-ಎಸ್ ಎಂದಿದ್ದರೆ ಮೋಟರ್ ಲೆನ್ಸಿನಲ್ಲೇ ಇದೆ. ಎಎಫ್-ಪಿ ಎಂದಿದ್ದರೆ ಇನ್ನೊಂದು ತೊಡಕು: ಡಿ90, ಡಿ7000, ಡಿ5100ರಂಥ ಹಳೆಯ ಬಾಡಿಗಳಲ್ಲಿ ಅವು ಫೋಕಸ್ ಮಾಡುವುದೇ ಇಲ್ಲ.

ಕ್ಯಾನನ್‌ನವರಿಗೆ ಬದುಕು ಸ್ವಲ್ಪ ಹಗುರ. ಹಳೆಯ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್‌ಎಫ್ ಬಾಡಿಗಳಲ್ಲಿ ಆಟೋಫೋಕಸ್ ಸಮೇತ ಚೆನ್ನಾಗಿ ನಡೆಯುತ್ತವೆ. ಇದರ ಉಲ್ಟಾ ಆಗದು: ಮಿರರ್‌ಲೆಸ್‌ನ ಆರ್‌ಎಫ್ ಲೆನ್ಸ್ ಡಿಎಸ್‌ಎಲ್‌ಆರ್ (ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾ) ಮೇಲೆ ಕೂರುವುದಿಲ್ಲ. ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್‌ನಲ್ಲಿ ಬಳಸುವ ಯೋಚನೆಯಿದ್ದರೆ ಫರ್ಮ್‌ವೇರ್ (ಲೆನ್ಸಿನೊಳಗಿನ ತಂತ್ರಾಂಶ) ಯಾವುದೆಂದು ಕೇಳಿ. ಹಲವು ಸಿಗ್ಮಾಗಳಿಗೆ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ನ ಜಿ2 ಲೆನ್ಸಿಗೆ ಟ್ಯಾಪ್-ಇನ್ ಕನ್ಸೋಲ್ ಎಂಬ ಪುಟ್ಟ ಸಾಧನ ಇದೆ. ಅದರ ಮೂಲಕ ಹೊಸ ಫರ್ಮ್‌ವೇರ್ ಹಾಕಬಹುದು.

ಒಂದೇ ಹೆಸರಿನ ಎರಡು ಲೆನ್ಸ್‌ಗಳ ಬಗ್ಗೆಯೂ ಎಚ್ಚರ. ನಿಕಾನ್‌ನ ಎಎಫ್-ಪಿ ಡಿಎಕ್ಸ್ 70-300 ಎರಡು ಬಗೆಯಲ್ಲಿ ಬಂದಿದೆ, ಒಂದರಲ್ಲಿ ವಿಆರ್ (ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್, ಕ್ಯಾನನ್ ಇದನ್ನೇ ಐಎಸ್ ಅನ್ನುತ್ತದೆ) ಇದೆ, ಇನ್ನೊಂದರಲ್ಲಿ ಇಲ್ಲ. ಕ್ಯಾನನ್‌ನ ಇಎಫ್ 75-300 ಮೂರನೆಯ ಆವೃತ್ತಿಯಲ್ಲಿ ಐಎಸ್ ಇಲ್ಲ, ಇಎಫ್ 70-300 ಐಎಸ್ 2 ಅದರಿಂದ ಪೂರ್ತಿ ಬೇರೆಯದೇ ಲೆನ್ಸ್. ಎರಡು ಅಕ್ಷರ ಬಿಟ್ಟು ಓದಿದರೆ ವರ್ಷಗಟ್ಟಲೆ ಕೈ ನಡುಕದ ಜೊತೆ ಬಾಳಬೇಕಾಗುತ್ತದೆ.

ನಾಲ್ಕನೆಯದು: ಬೆಳಕಿನ ಲೆಕ್ಕ

ಅಗ್ಗದ ಟೆಲಿ ಲೆನ್ಸ್ ಎಂದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಚಿಕ್ಕದು ಎಂದೇ ಅರ್ಥ. ಇದು ಕಂಪನಿಗಳ ಜಿಪುಣತನವಲ್ಲ, ಗಾಜಿನ ಗಾತ್ರ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಲೆನ್ಸಿನ ಬೆಳಕಿನ ಬಾಗಿಲು ಎಷ್ಟು ಅಗಲ ಇರಬೇಕೆಂದು ಸಿಗುತ್ತದೆ. 600 ಮಿ.ಮೀ. ಎಫ್/4 ಲೆನ್ಸಿಗೆ 150 ಮಿ.ಮೀ. ಅಗಲದ ಮುಂಗಾಜು ಬೇಕು, ಹೆಚ್ಚುಕಡಿಮೆ ಊಟದ ಬಟ್ಟಲಿನಷ್ಟು. ಅದೇ 600ನ್ನು ಎಫ್/6.3ಕ್ಕೆ ಇಳಿಸಿದರೆ 95 ಮಿ.ಮೀ. ಸಾಕು. 150-600 ಲೆನ್ಸ್‌ಗಳ ಫಿಲ್ಟರ್ ಅಳತೆ ಹೆಚ್ಚಾಗಿ 95 ಆಗಿರುವುದು ಕಾಕತಾಳೀಯವಲ್ಲ. ನಡುವಿನ ಬೆಲೆಯ ವ್ಯತ್ಯಾಸವೂ ಬಹುಪಾಲು ಆ ಗಾಜಿನದೇ.

ಈಗ ನಸುಕಿನ ಮೋಡದ ಬೆಳಕಲ್ಲಿ ಎಫ್/5.6ರಲ್ಲಿ 1/500 ಸೆಕೆಂಡಿಗೆ ಐಎಸ್‌ಒ (ಸೆನ್ಸರ್ ಬೆಳಕಿಗೆ ತೋರುವ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 1600 ಬೇಕಾಯಿತು ಅಂದುಕೊಳ್ಳಿ. ಎಫ್/6.3ರಲ್ಲಿ 2000 ಬೇಕು, ಗಮನಿಸುವಷ್ಟು ವ್ಯತ್ಯಾಸವೇ ಅಲ್ಲ. ಎಫ್/8ರಲ್ಲಿ 3200. ಎಫ್/11ರಲ್ಲಿ 6400. ಹಾಗಾಗಿ 5.6 ಮತ್ತು 6.3ರ ನಡುವೆ ನಿದ್ದೆಗೆಡಬೇಡಿ. 5.6 ಮತ್ತು 11ರ ನಡುವೆ ಮಾತ್ರ ಎರಡು ಸಲ ಯೋಚಿಸಿ, ಅದರಲ್ಲೂ ನೀವು ನೆರಳಿನ ಕಾಡಿನೊಳಗೆ ಅಲೆಯುವವರಾದರೆ.

ಸ್ಟೆಬಿಲೈಸೇಶನ್ ಇಲ್ಲಿ ನೆರವಿಗೆ ಬರುತ್ತದೆಯೇ? ಅರ್ಧ ಮಾತ್ರ. ಐಎಸ್, ವಿಆರ್, ಓಎಸ್, ವಿಸಿ, ಓಎಸ್‌ಎಸ್ ಎಂದು ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಕೆಲಸ ಒಂದೇ: ನಿಮ್ಮ ಕೈ ನಡುಕವನ್ನು ತಡೆಯುವುದು. ಹಕ್ಕಿ ಕತ್ತು ತಿರುಗಿಸಿದರೆ, ಗಾಳಿಗೆ ಕೊಂಬೆ ಅಲ್ಲಾಡಿದರೆ, ರೆಕ್ಕೆ ಬಡಿದರೆ ಅದು ಏನೂ ಮಾಡದು. ಸುಮ್ಮನೆ ಕೂತ ಹಕ್ಕಿಗೂ ನಾನು 1/500ಕ್ಕಿಂತ ಕೆಳಗಿಳಿಯಲು ಹಿಂಜರಿಯುತ್ತೇನೆ, ಹಾರುವುದಕ್ಕೆ 1/2000 ಇಲ್ಲವೇ ಅದಕ್ಕೂ ಹೆಚ್ಚು. ಆದರೂ ಕೈಯಲ್ಲಿ ಹಿಡಿದು ತೆಗೆಯುವ ಹೊಸಬರಿಗೆ ಸ್ಟೆಬಿಲೈಸೇಶನ್ ಇರಲೇಬೇಕೆಂದು ಹೇಳುತ್ತೇನೆ. ವ್ಯೂಫೈಂಡರ್‌ನಲ್ಲಿ ಚಿತ್ರ ಕುಣಿಯದೆ ನಿಂತಾಗ ಫೋಕಸ್ ಬಿಂದುವನ್ನು ಹಕ್ಕಿಯ ಕಣ್ಣಿನ ಮೇಲೆ ಇಡುವುದು ಎಷ್ಟು ಸಲೀಸು ಎಂಬುದು ಒಮ್ಮೆ ಹಿಡಿದು ನೋಡಿದವರಿಗೇ ಗೊತ್ತು.

ಐದನೆಯದು: ತೂಕ

ಮಾಹಿತಿಪಟ್ಟಿಯ ಕೊನೆಯ ಸಾಲಿನಲ್ಲಿರುವ ಈ ಸಂಖ್ಯೆಯನ್ನು ಮೊದಲ ಸಾಲಿಗೆ ತನ್ನಿ. 55-250 ಅಥವಾ ಹಗುರ 70-300 ಲೆನ್ಸ್ 400 ಗ್ರಾಂ ಆಸುಪಾಸು. 100-400ಗಳಲ್ಲಿ ಹೆಚ್ಚಿನವು ಒಂದು ಕಿಲೊ ದಾಟುತ್ತವೆ. 150-600ಗಳು ಎರಡು ಕಿಲೊ. ಆರಂಭದ ಪುಟ್ಟ ಬಾಡಿ ಅರ್ಧ ಕಿಲೊ ಕೂಡ ಇರುವುದಿಲ್ಲ, ಅದರ ಮುಂದೆ ಎರಡು ಕಿಲೊ ಲೆನ್ಸ್ ಸೇರಿಸಿದರೆ ಮೂಗಿಗಿಂತ ಮೂಗುತಿ ಭಾರ ಎಂಬ ಸ್ಥಿತಿ.

ಪರೀಕ್ಷೆ ಸುಲಭ. ಎರಡೂವರೆ ಲೀಟರ್ ನೀರು ತುಂಬಿದ ಕ್ಯಾನನ್ನು ಮುಖದ ಎತ್ತರಕ್ಕೆ ಎತ್ತಿ ಒಂದು ನಿಮಿಷ ಹಿಡಿಯಿರಿ, ಇಳಿಸಿ, ಮತ್ತೆ ಎತ್ತಿ. ಹತ್ತು ಸಲ. ಹಕ್ಕಿ ಹಿಂದೆ ಹೋದ ಬೆಳಗ್ಗೆ ಇದನ್ನು ನೂರು ಸಲ ಮಾಡುತ್ತೀರಿ. ತೋಳು ಸೋತರೆ ಮಾನೋಪಾಡ್ (ಒಂಟಿಕಾಲಿನ ಆಸರೆ) ಬೇಕು, ಅದರ ಬೆಲೆಯನ್ನೂ ಲೆನ್ಸಿನ ಬೆಲೆಗೆ ಕೂಡಿಸಿ. ಭಾರವೆಂದು ಮನೆಯಲ್ಲೇ ಉಳಿಯುವ 600ಕ್ಕಿಂತ ದಿನವೂ ಹೆಗಲೇರುವ 300 ಹೆಚ್ಚು ಹಕ್ಕಿ ತೋರಿಸುತ್ತದೆ.

ಆರನೆಯದು: ಹಾಗಾದರೆ ಯಾವುದು?

ನಿಮ್ಮ ಹೆಜ್ಜೆ ಲೆಕ್ಕದಲ್ಲಿ ಹೆಚ್ಚಿನ ಹಕ್ಕಿಗಳು ಹತ್ತು ಮೀಟರ್ ಒಳಗೇ ಸಿಗುತ್ತಿದ್ದರೆ, ಅಥವಾ ಇದು ಹವ್ಯಾಸವಾಗಿ ಉಳಿಯುವುದೋ ಇಲ್ಲವೋ ನಿಮಗೇ ಖಾತ್ರಿಯಿಲ್ಲದಿದ್ದರೆ, ಹಗುರ ಜೂಮ್‌ನಿಂದ ಶುರುಮಾಡಿ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ 2013ರಲ್ಲಿ ಬಂದ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ ಈ ವರ್ಗದಲ್ಲಿ ನನಗೆ ಬಹಳ ಇಷ್ಟ. 375 ಗ್ರಾಂ, 85 ಸೆಂ.ಮೀ. ಹತ್ತಿರದವರೆಗೆ ಫೋಕಸ್, ಹಕ್ಕಿ ಬಾರದ ದಿನ ಚಿಟ್ಟೆಗೂ ಆಗುತ್ತದೆ. ಕೊಳ್ಳುವಾಗ ಎಸ್‌ಟಿಎಂ ಎಂಬ ಪದ ಇದೆಯೇ ನೋಡಿ, ಅದಿಲ್ಲದ ಹಳೆಯ ಆವೃತ್ತಿಗಳೂ ಓಡಾಡುತ್ತಿವೆ. ನಿಕಾನ್ ಡಿಎಸ್‌ಎಲ್‌ಆರ್‌ಗೆ ಆಗಲೇ ಹೇಳಿದ ಎಎಫ್-ಪಿ 70-300ರ ವಿಆರ್ ಆವೃತ್ತಿ, ನಿಕಾನ್ ಝಡ್‌ನ ಎಪಿಎಸ್-ಸಿಗೆ 50-250, ಫ್ಯೂಜಿಗೆ ಎಕ್ಸ್‌ಸಿ 50-230. ಮೈಕ್ರೊ ಫೋರ್ ಥರ್ಡ್ಸ್ ಇದ್ದವರು ಅದೃಷ್ಟವಂತರು: ಒಲಿಂಪಸ್ 75-300, ಪ್ಯಾನಾಸಾನಿಕ್ 100-300 ಎರಡೂ ಅರ್ಧ ಕಿಲೊ ಆಸುಪಾಸಿನಲ್ಲಿ ಫುಲ್ ಫ್ರೇಮ್‌ನ 600ರಷ್ಟು ಕಿರಿದಾದ ನೋಟ ಕೊಡುತ್ತವೆ.

ಹತ್ತರಿಂದ ಇಪ್ಪತ್ತೈದು ಮೀಟರ್ ನಡುವೆ ಹೆಚ್ಚು ಓಡಾಟವಿದ್ದರೆ 400ರ ವರ್ಗ. ಹೊಸಬರು ಒಂದೇ ಒಂದು ಲೆನ್ಸ್ ಕೊಂಡು ನಾಲ್ಕೈದು ವರ್ಷ ಬಳಸುವುದಾದರೆ ನನ್ನ ಓಟು ಇಲ್ಲಿಗೆ. ಡಿಎಸ್‌ಎಲ್‌ಆರ್‌ಗಳಿಗೆ 2017ರಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್ ಎರಡೂ ಒಂದೊಂದು 100-400 ತಂದವು, ಎರಡರ ತೂಕವೂ 1.1 ಕಿಲೊ ಆಜುಬಾಜು. ಕ್ಯಾನನ್ ಆರ್ ಇದ್ದವರಿಗೆ 2021ರ ಆರ್‌ಎಫ್ 100-400 ಎಫ್/5.6-8 ಕೇವಲ 635 ಗ್ರಾಂ. ಎಫ್/8 ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಬೆಳಕಿರುವ ಬಯಲಿನಲ್ಲಿ ಇಡೀ ದಿನ ಕುತ್ತಿಗೆಗೆ ನೇತುಹಾಕಿಕೊಂಡು ನಡೆಯಬಹುದಾದ 400 ಬೇರೆ ಎಷ್ಟಿವೆ? ಸೋನಿ ಎಪಿಎಸ್-ಸಿಗೆ 70-350 ಇದೇ ಹಗುರ ಜಾತಿಯದು, 625 ಗ್ರಾಂ.

ಹಳೆಯ ಕ್ಯಾನನ್ ಇಎಫ್ 400 ಎಫ್/5.6 ಎಲ್ ಬಗ್ಗೆ ಪ್ರತ್ಯೇಕ ಮಾತು. 1993ರ ಲೆನ್ಸ್, ಜೂಮ್ ಇಲ್ಲ, ಐಎಸ್ ಇಲ್ಲ, ಮೂರೂವರೆ ಮೀಟರ್‌ಗಿಂತ ಹತ್ತಿರ ಫೋಕಸ್ ಆಗದು. ಹೀಗಿದ್ದೂ ಹಾರುವ ಹದ್ದು, ಬೆಳ್ಳಕ್ಕಿಗಳಿಗೆ ಇಂದಿಗೂ ಇದನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ಫೋಕಸ್ ಚುರುಕು, ಪೂರ್ತಿ ತೆರೆದ ಅಪರ್ಚರ್‌ನಲ್ಲೇ ಚಿತ್ರ ಚೂಪು. ಹಾರಾಟಕ್ಕೆ 1/2000ದಲ್ಲಿ ತೆಗೆಯುವಾಗ ಐಎಸ್ ಇಲ್ಲದ ಕೊರತೆ ಕಾಣಿಸುವುದೂ ಇಲ್ಲ. ಪೊದೆಯೊಳಗಿನ ಪುಟ್ಟ ಹಕ್ಕಿಗಳಿಗೆ ಮಾತ್ರ ಇದು ಬೇಡ.

ಕೆರೆ, ಗದ್ದೆ, ಬಯಲು. ಹತ್ತಿರ ಹೋಗಲು ದಾರಿಯೇ ಇಲ್ಲ ಎನ್ನುವವರಿಗೆ 600. ಟ್ಯಾಮ್ರಾನ್ 150-600 ಮೊದಲು ಪ್ರಕಟವಾದದ್ದು 2013ರ ಕೊನೆಗೆ. ಅಲ್ಲಿಯವರೆಗೆ ಹವ್ಯಾಸಿಗಳಿಗೆ 600 ಎಂಬುದು ದೂರದ ಮಾತಾಗಿತ್ತು. ಆಮೇಲೆ ಸಿಗ್ಮಾ 150-600 ಕಂಟೆಂಪೊರರಿ, 2015ರಲ್ಲಿ ನಿಕಾನ್ 200-500 ಎಫ್/5.6, 2016ರಲ್ಲಿ ಟ್ಯಾಮ್ರಾನ್ ಜಿ2 ಬಂದವು. ಮಿರರ್‌ಲೆಸ್‌ನಲ್ಲಿ ಸೋನಿ 200-600 ಮತ್ತು ನಿಕಾನ್ ಝಡ್ 180-600 ಇನ್ನೂ ಮೇಲ್ದರ್ಜೆ, ಬೆಲೆಯಲ್ಲೂ ಮೇಲೇ. ಈ ವರ್ಗದಲ್ಲಿ ಒಂದು ಗುಟ್ಟು: 150-600 ಜೂಮ್‌ಗಳಲ್ಲಿ ಹಲವು 500ರವರೆಗೆ ಚೂಪಾಗಿದ್ದು ಕೊನೆಯ ನೂರರಲ್ಲಿ ಸ್ವಲ್ಪ ಮೆದುವಾಗುತ್ತವೆ. ಎಫ್/8ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ಅಂದಮೇಲೆ ನಿಕಾನ್‌ನವರು 500ಕ್ಕೇ ನಿಲ್ಲುವ 200-500 ಕೊಂಡು "ನೂರು ಕಡಿಮೆಯಾಯಿತು" ಎಂದು ಕೊರಗಬೇಕಿಲ್ಲ, 2.3 ಕಿಲೊ ತೂಕಕ್ಕೆ ಬೇಕಾದರೆ ಕೊರಗಿ.

ಕ್ಯಾನನ್ ಆರ್‌ಎಫ್ 600 ಎಫ್/11 ವಿಚಿತ್ರ ಪ್ರಾಣಿ. 930 ಗ್ರಾಂನಲ್ಲಿ 600. ಅಪರ್ಚರ್ ಬದಲಾಯಿಸಲಾಗದು, ಯಾವಾಗಲೂ 11. ನಾಲ್ಕೂವರೆ ಮೀಟರ್ ಒಳಗಿನ ಹಕ್ಕಿಗೆ ಫೋಕಸ್ ಇಲ್ಲ, ಕೆಲವು ಬಾಡಿಗಳಲ್ಲಿ ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗಕ್ಕಷ್ಟೇ ಸೀಮಿತ. ಬಿಸಿಲಿನಲ್ಲಿ ನೀರಹಕ್ಕಿ ತೆಗೆಯುವವರಿಗೆ ಇಷ್ಟು ಹಗುರದ 600 ಖುಷಿಯ ಸಂಗತಿ. ಮರದ ನೆರಳಿಗೆ ಕಾಲಿಟ್ಟ ಕೂಡಲೇ ಐಎಸ್‌ಒ ಹತ್ತು ಸಾವಿರ ದಾಟುತ್ತದೆ.

ಇನ್ನು ಕ್ಯಾಮೆರಾವನ್ನೇ ಇನ್ನೂ ಕೊಂಡಿಲ್ಲದವರಿಗೆ ಬ್ರಿಡ್ಜ್ ಕ್ಯಾಮೆರಾ (ಲೆನ್ಸ್ ಬದಲಾಯಿಸಲಾಗದ, ಉದ್ದ ಜೂಮ್‌ನ ಕ್ಯಾಮೆರಾ) ಎಂಬ ದಾರಿಯೂ ಇದೆ. ನಿಕಾನ್ ಪಿ900 ಒಂದೇ ಲೆನ್ಸಿನಲ್ಲಿ 2000 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ, ಆದರೆ ಬೆರಳಿನ ಉಗುರಿಗಿಂತ ಚಿಕ್ಕ ಸೆನ್ಸರ್. ಹಕ್ಕಿ ಯಾವುದೆಂದು ಗುರುತಿಸುವುದೇ ಮುಖ್ಯವಾದರೆ ಧಾರಾಳ ಸಾಕು.

ಯಾವುದನ್ನು ಬಿಡಬೇಕು

500 ಮಿ.ಮೀ. ಎಫ್/8 ಮಿರರ್ ಲೆನ್ಸ್ (ಒಳಗೆ ಕನ್ನಡಿಗಳಿರುವ ಗಿಡ್ಡ ಲೆನ್ಸ್) ತೀರಾ ಅಗ್ಗಕ್ಕೆ ಸಿಗುತ್ತದೆ. ನಾನೂ ಒಮ್ಮೆ ಬಿದ್ದಿದ್ದೇನೆ ಆ ಹಳ್ಳಕ್ಕೆ. ಬಹುತೇಕ ಎಲ್ಲವೂ ಕೈಯಿಂದಲೇ ಫೋಕಸ್ ಮಾಡಬೇಕಾದವು, ಅಪರ್ಚರ್ ಬದಲಾಗದು, ಹಿನ್ನೆಲೆಯ ಹೊಳಪಿನ ಬಿಂದುಗಳೆಲ್ಲ ಉಂಗುರಗಳಾಗುತ್ತವೆ. ನೀರಿನ ಮೇಲೆ ಕೂತ ಬಾತುಕೋಳಿಗಿಂತ ಅದರ ಸುತ್ತಲಿನ ನೂರಾರು ಉಂಗುರಗಳೇ ಎದ್ದು ಕಂಡ ಒಂದು ಫೋಟೊ ನನ್ನ ಬಳಿ ಈಗಲೂ ಇದೆ.

ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಬಾಡಿಯ ನಡುವೆ ಹಾಕಿ ನೋಟ ಹಿಗ್ಗಿಸುವ ಸಾಧನ) ಕೂಡ ಈಗಲೇ ಬೇಡ. 1.4 ಪಟ್ಟಿನದು ಒಂದು ಸ್ಟಾಪ್ (ಅಂದರೆ ಅರ್ಧದಷ್ಟು) ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು. ಎಫ್/6.3 ಲೆನ್ಸ್ 1.4ರೊಂದಿಗೆ ಎಫ್/9 ಆಗುತ್ತದೆ, ಆರಂಭಿಕ ಡಿಎಸ್‌ಎಲ್‌ಆರ್‌ಗಳ ಫೋಕಸ್ ಅಷ್ಟು ಕತ್ತಲಲ್ಲಿ ತಡವರಿಸುತ್ತದೆ ಅಥವಾ ಕೈಚೆಲ್ಲುತ್ತದೆ. ಮಿರರ್‌ಲೆಸ್‌ಗಳು ಈ ವಿಷಯದಲ್ಲಿ ವಾಸಿ, ಆದರೂ ಅಗ್ಗದ ಜೂಮ್‌ನ ಮೆದುತನವನ್ನು ಕನ್ವರ್ಟರ್ ದೊಡ್ಡದು ಮಾಡಿ ತೋರಿಸುತ್ತದೆ ಅಷ್ಟೇ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ "ಟೆಲಿ" ಗಾಜುಗಳ ಬಗ್ಗೆ ಹೇಳುವುದೇ ಬೇಡ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ

ಡಿಎಸ್‌ಎಲ್‌ಆರ್ ಲೆನ್ಸ್‌ಗಳಿಗೆ ಇದು ಒಳ್ಳೆಯ ಕಾಲ. ಬಹಳಷ್ಟು ಮಂದಿ ಮಿರರ್‌ಲೆಸ್‌ಗೆ ಹೋಗುತ್ತ ಹಳೆಯದನ್ನು ಮಾರುತ್ತಿದ್ದಾರೆ. ಆದರೆ ಲೆನ್ಸನ್ನು ಕೈಯಲ್ಲಿ ಹಿಡಿಯದೆ ದುಡ್ಡು ಕೊಡಬೇಡಿ. ನಿಮ್ಮ ಬಾಡಿ, ಖಾಲಿ ಮೆಮೊರಿ ಕಾರ್ಡು, ಒಂದು ಸಣ್ಣ ಟಾರ್ಚು ತೆಗೆದುಕೊಂಡು ಹೋಗಿ.

ಎರಡೂ ಕಡೆಯ ಮುಚ್ಚಳ ತೆಗೆದು ಒಂದು ಬದಿಯಿಂದ ಓರೆಯಾಗಿ ಟಾರ್ಚು ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಒಳಗೆ ಒಂದಿಷ್ಟು ಧೂಳಿನ ಕಣ ಇದ್ದೇ ಇರುತ್ತವೆ, ಚಿತ್ರಕ್ಕೆ ಅವುಗಳಿಂದ ತೊಂದರೆಯಿಲ್ಲ. ಜೇಡರ ಬಲೆಯಂತೆ, ಬೇರಿನಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್, ಮಾತು ಬೆಳೆಸದೆ ವಾಪಸ್ ಬನ್ನಿ. ಗಾಜಿನ ಮೇಲೆ ಇಡೀ ಮಂಜು ಕವಿದಂತಿದ್ದರೂ ಅಷ್ಟೇ. ಮುಂಗಾಜಿನ ಸಣ್ಣ ಗೀರು ಚಿತ್ರದಲ್ಲಿ ಕಾಣುವುದು ಅಪರೂಪ, ಅದನ್ನು ಚೌಕಾಸಿಗೆ ಬಳಸಿಕೊಳ್ಳಿ. ಹಿಂಗಾಜಿನ ಗೀರು ಮಾತ್ರ ಬೇಡ.

ಜೂಮ್ ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲಾದರೂ ಕಚ್ಚುತ್ತದೆಯೇ, ಮರಳು ಉಜ್ಜಿದ ಸದ್ದು ಬರುತ್ತದೆಯೇ ಗಮನಿಸಿ. ಕೆಳಮುಖ ಹಿಡಿದರೆ ದೊಡ್ಡ ಜೂಮ್ ತಾನಾಗಿ ಜಾರುವುದು ಸಾಮಾನ್ಯ, ಅದಕ್ಕೆ ಹೆದರಬೇಡಿ. ಮೌಂಟಿನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಕ್ಯಾಮೆರಾಗೆ ಹಾಕಿ ಹತ್ತಿರದ್ದಕ್ಕೂ ದೂರದ್ದಕ್ಕೂ ಹತ್ತಾರು ಬಾರಿ ಫೋಕಸ್ ಮಾಡಿಸಿ. ಸ್ಟೆಬಿಲೈಸೇಶನ್ ಹಾಕಿ ಶಟರ್ ಅರ್ಧ ಒತ್ತಿದಾಗ ಸಣ್ಣ ಗುಂಯ್ ಸದ್ದು ಸಹಜ, ಚಿತ್ರ ಜಿಗಿದಾಡಿದರೆ ಸಹಜವಲ್ಲ. ಫೋಕಸ್ ಮಿತಿಯ ಸ್ವಿಚ್ ಇದ್ದರೆ ಅದು ಯಾವ ಸ್ಥಾನದಲ್ಲಿದೆ ನೋಡಿಕೊಳ್ಳಿ. ಒಮ್ಮೆ ನಾನು "ಹತ್ತಿರ ಫೋಕಸ್ ಆಗುತ್ತಿಲ್ಲ" ಎಂದು ಒಂದು ಒಳ್ಳೆಯ ಲೆನ್ಸನ್ನು ಬೇಡವೆಂದು ಬಂದೆ, ದಾರಿಯಲ್ಲಿ ನೆನಪಾಯಿತು ಆ ಸ್ವಿಚ್. ವಾಪಸ್ ಹೋಗುವಷ್ಟರಲ್ಲಿ ಅದು ಬೇರೆಯವರ ಚೀಲದಲ್ಲಿತ್ತು.

ಕೊಳ್ಳುವ ಮುನ್ನ ಎರಡು ದಿನಕ್ಕೆ ಅದೇ ಲೆನ್ಸನ್ನು ಬಾಡಿಗೆಗೆ ತರಲು ಸಾಧ್ಯವಿದ್ದರೆ ಖಂಡಿತ ತನ್ನಿ. ಈ ಬರಹದಲ್ಲಿ ಹೇಳಿದ ಅರ್ಧದಷ್ಟು ಮಾತು ಆ ಎರಡು ದಿನದಲ್ಲಿ ತೋಳಿಗೇ ಅರ್ಥವಾಗುತ್ತದೆ.

ತಂದ ಮೇಲೆ ಮೊದಲ ವಾರ

ಹೊಸದಾಗಲಿ ಹಳೆಯದಾಗಲಿ, ಹಿಂತಿರುಗಿಸಲು ಅವಕಾಶವಿರುವಾಗಲೇ ಪರೀಕ್ಷೆ ಮಾಡಿ. ಅದಕ್ಕೆ ಹಕ್ಕಿ ಬೇಡ, ಹಕ್ಕಿ ಅಲ್ಲಾಡುತ್ತದೆ. ಹತ್ತು ಮೀಟರ್ ದೂರದಲ್ಲಿ ಒರಟು ಮರದ ತೊಗಟೆಯೋ ದಿನಪತ್ರಿಕೆಯ ಹಾಳೆಯೋ ಇರಲಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಸ್ಟೆಬಿಲೈಸೇಶನ್ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಹಾಕಿ, ಪೂರ್ತಿ ಜೂಮ್‌ನಲ್ಲಿ ಪೂರ್ತಿ ತೆರೆದ ಅಪರ್ಚರ್‌ನಲ್ಲೊಂದು, ಎಫ್/8ರಲ್ಲೊಂದು. ಆಮೇಲೆ ಸ್ಟೆಬಿಲೈಸೇಶನ್ ಮತ್ತೆ ಹಾಕಿ ಕೈಯಲ್ಲಿ ಹಿಡಿದು 1/1000, 1/500, 1/250. ಬೆಳಗಿನ ತಂಪಿನಲ್ಲೇ ಮಾಡಿ. ನೆಲ ಕಾದ ಮೇಲೆ ಬಿಸಿಗಾಳಿ ಅಲೆಯಾಡಿ ದೂರದ್ದೆಲ್ಲ ಕದಡುತ್ತದೆ, ಎಷ್ಟು ದುಬಾರಿ ಲೆನ್ಸಾದರೂ ಅದನ್ನು ದಾಟಲಾರದು. ಎಷ್ಟೋ ಪಾಪದ ಲೆನ್ಸ್‌ಗಳು ಮಧ್ಯಾಹ್ನದ ಬಿಸಿಲಿನ ತಪ್ಪಿಗೆ ವಾಪಸಾಗಿವೆ.

ಫಲಿತಾಂಶ ಓದುವ ಕ್ರಮ ಹೀಗೆ. ಟ್ರೈಪಾಡ್‌ನಲ್ಲಿ ಚೂಪು, ಕೈಯಲ್ಲಿ ಮಸುಕು ಎಂದಾದರೆ ಲೆನ್ಸ್ ಸರಿಯಿದೆ, ನಿಮ್ಮ ಶಟರ್ ಸ್ಪೀಡ್ ಏರಬೇಕು. ಎಫ್/8ರಲ್ಲಿ ಚೂಪು, ಪೂರ್ತಿ ತೆರೆದಾಗ ತುಸು ಮೆದು ಎಂದರೆ ಈ ಬೆಲೆಯ ಲೆನ್ಸಿಗೆ ಅದು ಸಹಜ. ಚೌಕಟ್ಟಿನ ಎಡಬದಿ ಚೂಪಾಗಿದ್ದು ಬಲಬದಿ ಯಾವಾಗಲೂ ಮಸುಕಾಗಿದ್ದರೆ ಮೊದಲು ಹಾಳೆ ಕ್ಯಾಮೆರಾಗೆ ನೇರವಾಗಿದೆಯೇ ಎಂದು ನೋಡಿ ಇನ್ನೊಮ್ಮೆ ತೆಗೆಯಿರಿ, ಆಗಲೂ ಹಾಗೇ ಇದ್ದರೆ ಒಳಗಿನ ಗಾಜು ಸರಿಯಾಗಿ ಕೂತಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ತೆಗೆದದ್ದು ಮಸುಕು, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ತೆಗೆದದ್ದು ಚೂಪು ಎಂದರೆ ಫೋಕಸ್ ಹೊಂದಾಣಿಕೆ ತಪ್ಪಿದೆ. ಕೆಲವು ಬಾಡಿಗಳಲ್ಲಿ ಅದನ್ನು ಮೆನುವಿನಲ್ಲೇ ತಿದ್ದಬಹುದು, ಆರಂಭಿಕ ಬಾಡಿಗಳಲ್ಲಿ ಆ ಸೌಲಭ್ಯ ಇರುವುದು ಅಪರೂಪ. ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ ಹಾಕಿದ್ದರೆ ಅದನ್ನು ತೆಗೆದು ಇನ್ನೊಮ್ಮೆ ನೋಡಿ. ಕಾಪಾಡಲಿಕ್ಕೆ ಹುಡ್ ಸಾಕು. ಟ್ರೈಪಾಡ್, ತಂಪು ಬೆಳಗು, ಲೈವ್ ವ್ಯೂ, ಎಫ್/8, ಫಿಲ್ಟರ್ ಇಲ್ಲ, ಇಷ್ಟಾದರೂ ತೊಗಟೆಯ ಗೆರೆ ಬಿಡಿಬಿಡಿಯಾಗಿ ಕಾಣದಿದ್ದರೆ ಡಬ್ಬಿಗೆ ಹಾಕಿ ಅದೇ ವಾರ ವಾಪಸ್ ಕೊಡಿ.